ಸೋಂಕಿನ ಕಾಲದಲ್ಲಿ ಹಬ್ಬಕ್ಕೆ ಮನೆಮಂದಿ ಸೇರುವುದು: ಅಪಾಯ ನಿಜಕ್ಕೂ ಎಷ್ಟು?

ಹಿರಿಸೊಸೆ:
ಕೊರೋನಾ ಕಾಲದ ಒಂದು ಜಗಳ ನಮ್ಮ ಮನೆಯಲ್ಲಿ ಇನ್ನೂ ಆರಿಲ್ಲ. ಹಬ್ಬಕ್ಕೆ ಎಲ್ಲರೂ ಬರಲಿ ಎಂದವರು ಒಂದು ಕಡೆ, ಬೇಡ ಎಂದವರು ಇನ್ನೊಂದು ಕಡೆ. ಬಂದವರಿಗೆ ಪ್ರೀತಿ ಜಾಸ್ತಿ, ಬಾರದವರು ಪುಕ್ಕಲರು ಅನ್ನುವ ಮಾತು ಈಗಲೂ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಜಾಗತಿಕ ತುರ್ತುಸ್ಥಿತಿ ಮುಗಿಯಿತು ಎಂದಿತು. ನಮ್ಮ ಮನೆಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಇನ್ನೊಂದು ಮಹಾಮಾರಿ ಬರುವುದೇ ಇಲ್ಲ ಎಂದು ಯಾರೂ ಹೇಳುತ್ತಿಲ್ಲ. ಅದಕ್ಕೇ ಎಲ್ಲ ತಣ್ಣಗಿರುವಾಗಲೇ ಕೇಳುತ್ತಿದ್ದೇನೆ. ಅಂಗಡಿ, ಬಸ್ಸು, ಆಫೀಸು ಎಲ್ಲ ನಡೆಯುತ್ತಿದ್ದಾಗಲೂ ನಮ್ಮವರೇ ನಮ್ಮ ಮನೆಯಲ್ಲಿ ಸೇರುವುದಕ್ಕೆ ಮಾತ್ರ ಅಷ್ಟು ಗಲಾಟೆ ಯಾಕಿತ್ತು? ಸೇರಲೇಬೇಕು ಅಂದರೆ ಏನು ಮಾಡಬಹುದು? ಹೆದರಿಸುವ ಫಾರ್ವರ್ಡ್ ಬೇಡ. ಗೊತ್ತಿದ್ದವರು ಹೇಳಿ.

ರಾತ್ರಿಪಾಳಿ:
ನಾನು ವಾರ್ಡಿನಲ್ಲಿ ಕೆಲಸ ಮಾಡುವವಳು. ಹಬ್ಬ ಕಳೆದು ವಾರ, ಹತ್ತು ದಿನಕ್ಕೆ ಒಂದೇ ಮನೆಯ ಹೆಸರುಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಮೊದಲು ಮಗ, ಆಮೇಲೆ ಸೊಸೆ, ಆಮೇಲೆ ತಾಯಿ. ಕೊನೆಗೆ ಬಂದವರೇ ಜಾಸ್ತಿ ದಿನ ಇರುತ್ತಿದ್ದರು.

ಅಂಗಡಿಯಲ್ಲಿ ಎಷ್ಟು ಹೊತ್ತು ಇರುತ್ತೀರಿ? ಕಾಲು ಗಂಟೆ. ಮೂತಿಗೆ ಮಾಸ್ಕ್ ಇರುತ್ತದೆ, ಮಾತು ಎರಡೇ. ಮನೆಗೆ ಬಂದವರು ಬೆಳಗ್ಗೆಯಿಂದ ರಾತ್ರಿವರೆಗೆ ಇರುತ್ತಾರೆ. ಊಟಕ್ಕೆ ಕೂತಾಗ ಮಾಸ್ಕ್ ತೆಗೆಯಲೇಬೇಕು. ನಗು, ಹಾಡು, ಜೋರು ಮಾತು. ಬಸ್ಸಿನಲ್ಲಿ ಪಕ್ಕದವನು ಕೆಮ್ಮಿದರೆ ಮುಖ ತಿರುಗಿಸುತ್ತೇವೆ. ಅಣ್ಣ ಕೆಮ್ಮಿದರೆ ನೀರು ತಂದುಕೊಟ್ಟು ಬೆನ್ನು ಸವರುತ್ತೇವೆ, ಅಲ್ವಾ? ಅಪಾಯ ಅಲ್ಲೇ ಇರುವುದು. ಸೋಂಕಿಗೆ ನೆಂಟಸ್ತನ ಗೊತ್ತಿಲ್ಲ, ನಮಗೆ ಮಾತ್ರ ನೆಂಟರು ಅಂದ ಕೂಡಲೇ ಹುಷಾರು ಮರೆತುಹೋಗುತ್ತದೆ.

ರಾತ್ರಿ ಉಳಿಯುವುದನ್ನಂತೂ ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಸಾಲಾಗಿ ಹಾಸಿಗೆ ಹಾಸಿ ಐದಾರು ಜನ ಏಳೆಂಟು ಗಂಟೆ ಮಲಗುತ್ತಾರೆ. ಹಗಲಿನ ಊಟಕ್ಕೆ ಅಂತರ ಕಾಯ್ದು, ರಾತ್ರಿ ಹೀಗೆ ಮಲಗಿದರೆ ಹಗಲು ಪಟ್ಟ ಶ್ರಮವೆಲ್ಲ ದಂಡ.

ಇನ್ನೊಂದು ನೋಡಿ. ಕಿವಿ ಮಂದವಾದ ತಾತ ಇರುತ್ತಾರೆ. ಅವರು ಒಂದು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ, ದೂರವೇ. ಆದರೆ ಬಂದವರೆಲ್ಲ ಒಬ್ಬೊಬ್ಬರಾಗಿ ಅವರ ಹತ್ತಿರ ಹೋಗಿ, ಬಗ್ಗಿ, ಮಾಸ್ಕ್ ಗದ್ದಕ್ಕೆ ಎಳೆದು, ಕಿವಿಯ ಹತ್ತಿರ ಬಾಯಿಟ್ಟು ಜೋರಾಗಿ ಮಾತಾಡಿಸುತ್ತಾರೆ. ಇಡೀ ಮನೆಯಲ್ಲಿ ಯಾರ ಮುಖಕ್ಕೆ ಎಲ್ಲರ ಉಸಿರು ಬೀಳಬಾರದೋ ಅವರಿಗೇ ಎಲ್ಲರ ಉಸಿರೂ ಸಿಗುತ್ತದೆ.

ಹಳೇಫೈಲು:
ಇದಕ್ಕೆ ದಾಖಲೆಯೇ ಇದೆ. ಷಿಕಾಗೋದ ಪ್ರಕರಣ. 2020ರ ಫೆಬ್ರವರಿ, ಆಗಿನ್ನೂ ಅಲ್ಲಿ ದೂರ ಇರಿ ಎಂಬ ನಿಯಮ ಬಂದಿರಲಿಲ್ಲ. ಸಣ್ಣ ಶೀತದಂಥ ಲಕ್ಷಣ ಇದ್ದ ಒಬ್ಬರು ಪರಿಚಯದವರ ಸಾವಿನ ಮನೆಗೆ ಹೋದರು. ಅಂತ್ಯಸಂಸ್ಕಾರದ ಹಿಂದಿನ ರಾತ್ರಿ ಆ ಮನೆಯ ಇಬ್ಬರ ಜೊತೆ ಸುಮಾರು ಮೂರು ಗಂಟೆ ಕೂತು, ಒಂದೇ ಪಾತ್ರೆಯಿಂದ ಬಡಿಸಿಕೊಂಡು ಊಟ ಮಾಡಿದರು. ಮರುದಿನ ಅಪ್ಪಿಕೊಂಡು ಸಮಾಧಾನ ಹೇಳಿದರು. ಮೂರು ದಿನ ಬಿಟ್ಟು ತಮ್ಮ ಮನೆಯವರ ಹುಟ್ಟುಹಬ್ಬ, ಅಲ್ಲಿಯೂ ಮೂರು ಗಂಟೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಏಪ್ರಿಲ್‌ನಲ್ಲಿ ಕೊಟ್ಟ ವರದಿಯಂತೆ ಖಚಿತವಾದವು, ಸಂಭವ ಇದ್ದವು ಸೇರಿ 16 ಪ್ರಕರಣ, 3 ಸಾವು. ಸೋಂಕು ತಗುಲಿದವರ ವಯಸ್ಸು 5ರಿಂದ 86.

ಇಲ್ಲಿ ಯಾರೂ ಪುಂಡಾಟ ಮಾಡಲಿಲ್ಲ ಎಂಬುದನ್ನು ಗಮನಿಸಿ. ಸಾವಿನ ಮನೆಯಲ್ಲಿ ಸಮಾಧಾನ ಹೇಳುವುದು, ಮನೆಯವರ ಹುಟ್ಟುಹಬ್ಬಕ್ಕೆ ಹೋಗುವುದು, ಇದಕ್ಕಿಂತ ಸಭ್ಯ ಕೆಲಸ ಯಾವುದಿದೆ?

ಹುಟ್ಟುಹಬ್ಬ ಅಂದಾಗ ನೆನಪಾಯಿತು. 2021ರಲ್ಲಿ ಜಾಮಾ ಇಂಟರ್ನಲ್ ಮೆಡಿಸಿನ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಅಮೆರಿಕದ ಸುಮಾರು 29 ಲಕ್ಷ ಮನೆಗಳ ವಿಮೆ ದಾಖಲೆ ಇಟ್ಟುಕೊಂಡು ಯಾವ ಮನೆಯಲ್ಲಿ ಯಾರ ಹುಟ್ಟುಹಬ್ಬ ಇತ್ತು, ಆಮೇಲಿನ ಎರಡು ವಾರದಲ್ಲಿ ಅಲ್ಲಿ ಎಷ್ಟು ಸೋಂಕು ಕಂಡಿತು ಎಂದು ನೋಡಿದರು. ಸೋಂಕು ಜೋರಾಗಿದ್ದ ಜಿಲ್ಲೆಗಳಲ್ಲಿ ಹುಟ್ಟುಹಬ್ಬದ ಮನೆಗಳಲ್ಲಿ 10,000 ಜನಕ್ಕೆ 8.6 ಪ್ರಕರಣ ಹೆಚ್ಚು. ಮಕ್ಕಳ ಹುಟ್ಟುಹಬ್ಬವಾದರೆ 15.8. ದೊಡ್ಡವರ ಹುಟ್ಟುಹಬ್ಬ ಮುಂದೂಡಬಹುದು, ಮಗುವಿಗೆ ಇಲ್ಲ ಅನ್ನೋಕೆ ಯಾರಿಗೂ ಮನಸ್ಸು ಬರುವುದಿಲ್ಲ ಎಂದು ನನಗನ್ನಿಸುತ್ತದೆ.

ಸುಮ್ನೆಕೂತವ:
ಎಲ್ಲರೂ ಸೇರಿ ಹೆದರಿಸುತ್ತಿದ್ದೀರಿ. ಆ ಎರಡು ವರ್ಷವೂ ನಾವು ಸೇರಿದ್ದೇವೆ. ಏನೂ ಆಗಲಿಲ್ಲ. ನಮ್ಮ ಓಣಿಯಲ್ಲಿ ಬಾಗಿಲು ಹಾಕಿಕೊಂಡು ಕೂತವರಿಗೇ ಬಂತು.

ಲೆಕ್ಕದಮೇಷ್ಟ್ರು:
ನೀವು ಹೇಳುವುದು ಸುಳ್ಳಲ್ಲ. ಲೆಕ್ಕವೂ ಅದನ್ನೇ ಹೇಳುತ್ತದೆ.

ನೂರಕ್ಕೆ ಒಬ್ಬರಿಗೆ ಸೋಂಕು ಇರುವ ಕಾಲ ಎಂದಿಟ್ಟುಕೊಳ್ಳಿ. 10 ಜನ ಸೇರಿದರೆ ಅವರಲ್ಲಿ ಒಬ್ಬರಿಗಾದರೂ ಸೋಂಕು ಇರುವ ಸಂಭವ ಶೇ 9.6. 20 ಜನ ಆದರೆ ಶೇ 18. 30 ಆದರೆ ಶೇ 26. ಅಂದರೆ 10 ಜನ ಸೇರುವ ಹಬ್ಬದಲ್ಲಿ ನೂರಕ್ಕೆ 90 ಮನೆಗಳಲ್ಲಿ ಏನೂ ಆಗುವುದಿಲ್ಲ. ಆ 90 ಮನೆಯವರೂ 'ನಾವು ಸೇರಿದೆವು, ಏನಾಯಿತು?' ಎನ್ನುತ್ತಾರೆ. ಸತ್ಯವನ್ನೇ ಹೇಳುತ್ತಿರುತ್ತಾರೆ.

ಆದರೆ ಹಬ್ಬ ಒಂದೇ ಮನೆಗೆ ಬರುವುದಿಲ್ಲ. ಒಂದು ಸಾವಿರ ಮನೆಗಳಲ್ಲಿ ಒಂದೇ ದಿನ ಹತ್ತತ್ತು ಜನ ಸೇರಿದರೆ, ಹೆಚ್ಚುಕಡಿಮೆ 96 ಮನೆಗಳಲ್ಲಿ ಸೋಂಕು ಊಟಕ್ಕೆ ಕೂತಿರುತ್ತದೆ. ಅಲ್ಲಿಂದ ಕಾಯಿಲೆ ಬೀಳುವವರು ಬೀಳುವುದೂ ಒಂದೇ ವಾರದಲ್ಲಿ. ಆಸ್ಪತ್ರೆಗೆ ಕಷ್ಟವಾಗುವುದು ಒಟ್ಟು ಎಷ್ಟು ಜನ ಎಂಬುದರಿಂದಷ್ಟೇ ಅಲ್ಲ, ಒಟ್ಟಿಗೆ ಎಷ್ಟು ಜನ ಬಂದರು ಎಂಬುದರಿಂದ. ರಾತ್ರಿಪಾಳಿಯವರು ಹೇಳಲಿ.

ಇನ್ನೊಂದು ಮಾತು. ತಲೆ ಎಣಿಸುವುದಕ್ಕಿಂತ ಮನೆ ಎಣಿಸಿ. ಒಂದೇ ಮನೆಯವರು ಹೇಗೂ ಒಟ್ಟಿಗೇ ಇರುತ್ತಾರೆ. ಎರಡು ಮನೆ ಸೇರಿದರೆ ಸೋಂಕು ದಾಟಲು ಒಂದೇ ಜೋಡಿ. ಮೂರು ಮನೆಗೆ 3 ಜೋಡಿ, ನಾಲ್ಕಕ್ಕೆ 6, ಆರಕ್ಕೆ 15. 'ಇನ್ನೊಂದು ಮನೆಯವರು ತಾನೇ' ಎಂದು ಸೇರಿಸುವಾಗ ಈ ಏರಿಕೆ ಕಣ್ಣಿಗೆ ಬೀಳುವುದಿಲ್ಲ.

ರಾತ್ರಿಪಾಳಿ:
ಹೌದು. ಬೆಡ್ ಇರುತ್ತದೆ, ಆಕ್ಸಿಜನ್ ಇರುತ್ತದೆ, ನೋಡಿಕೊಳ್ಳಲು ಜನ ಇರುವುದಿಲ್ಲ. ನಾವೂ ಹಬ್ಬದ ನಂತರದ ವಾರದಲ್ಲೇ ಕಾಯಿಲೆ ಬೀಳುತ್ತಿದ್ದೆವು.

ಸುಮ್ನೆಕೂತವ:
ಸರಿ ಮೇಷ್ಟ್ರೇ, ಒಪ್ಪಿದೆ. ಆದರೆ ಟೆಸ್ಟ್ ಮಾಡಿಸಿಕೊಂಡು ಹೋದರೆ ಮುಗಿಯಿತಲ್ಲ. ನೆಗೆಟಿವ್ ಬಂದವರಷ್ಟೇ ಬನ್ನಿ ಅಂದರಾಯಿತು.

ಲ್ಯಾಬ್‌ಹುಡುಗಿ:
ಇದನ್ನು ಕೇಳಿ ಕೇಳಿ ಸಾಕಾಗಿದೆ ಅಣ್ಣ. ನೆಗೆಟಿವ್ ಅಂದರೆ ಆ ಗಳಿಗೆಯಲ್ಲಿ ಆ ಕಡ್ಡಿಗೆ ವೈರಸ್ ಸಿಗಲಿಲ್ಲ ಅಂತ ಅಷ್ಟೇ. ನಾಳೆಗೆ ಅದು ಮಾತು ಕೊಡುವುದಿಲ್ಲ.

ಕೋವಿಡ್‌ನ ಮೊದಲ ವರ್ಷದಲ್ಲಿ ಸೋಂಕು ತಗುಲಿ ಲಕ್ಷಣ ಕಾಣಿಸಲು ಸಾಧಾರಣವಾಗಿ ಐದು ದಿನ ಬೇಕಾಗುತ್ತಿತ್ತು. 2020ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ಹಲವು ಅಧ್ಯಯನ ಸೇರಿಸಿ ಲೆಕ್ಕ ಹಾಕಿದರು. ಸೋಂಕಿದ್ದೂ ಆರ್‌ಟಿ-ಪಿಸಿಆರ್ ನೆಗೆಟಿವ್ ಬರುವ ಸಂಭವ ತಗುಲಿದ ಮೊದಲ ದಿನ ಶೇ 100. ನಾಲ್ಕನೇ ದಿನಕ್ಕೂ ಶೇ 67. ಲಕ್ಷಣ ಶುರುವಾಗುವ ಐದನೇ ದಿನ ಶೇ 38. ಎಂಟನೇ ದಿನಕ್ಕೆ ಶೇ 20ಕ್ಕೆ ಇಳಿಯುತ್ತದೆ, ಅದೇ ಅತಿ ಕಡಿಮೆ. ಆದರೆ ಲಕ್ಷಣ ಕಾಣುವ ಎರಡು ದಿನ ಮೊದಲೇ ಬೇರೆಯವರಿಗೆ ಹರಡಲು ಶುರುವಾಗಿರುತ್ತದೆ.

ಈಗ ನಮ್ಮ ಜನ ಮಾಡುವುದನ್ನು ನೋಡಿ. ಸೋಮವಾರ ಟೆಸ್ಟ್, ಬುಧವಾರ ರಿಪೋರ್ಟ್, ಅದನ್ನು ಗ್ರೂಪಿಗೆ ಹಾಕಿ ಎಲ್ಲರಿಂದ ಹೆಬ್ಬೆರಳು, ಗುರುವಾರ ಜನ ತುಂಬಿದ ರೈಲು, ಶುಕ್ರವಾರ ಹಬ್ಬ. ಆ ರೈಲಿನಲ್ಲಿ ಏನಾಯಿತು ಎಂಬುದು ಸೋಮವಾರದ ಕಡ್ಡಿಗೆ ಹೇಗೆ ಗೊತ್ತಾಗಬೇಕು? ಟೆಸ್ಟ್ ಬೇಡ ಎನ್ನುತ್ತಿಲ್ಲ. ಮಾಡುವುದಾದರೆ ಮನೆಯಲ್ಲೇ ಮಾಡುವ ರಾಪಿಡ್ ಕಿಟ್ ತೆಗೆದುಕೊಂಡು ಹೊರಡುವ ಹೊತ್ತಿಗೇ ಮಾಡಿ, ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ಮಾಡಿ. ಪಾಸಿಟಿವ್ ಬಂದರೆ ನಂಬಿ, ಹೋಗಬೇಡಿ. ನೆಗೆಟಿವ್ ಬಂದರೆ ಕಿಟಕಿ ತೆಗೆಯುವುದನ್ನು ಮರೆಯಬೇಡಿ. ಗಂಟಲು ಕೆರೆತ ಇದ್ದರೆ ಯಾವ ರಿಪೋರ್ಟೂ ಲೆಕ್ಕಕ್ಕಿಲ್ಲ.

ಎರಡನೇಅಳಿಯ:
ಲಸಿಕೆ ಬಂದ ಮೇಲೆ ಕಥೆ ಬದಲಾಯಿತಲ್ಲ? ಅದನ್ನು ಯಾರೂ ಹೇಳುತ್ತಿಲ್ಲ.

ಹಳೇಫೈಲು:
ಬದಲಾಯಿತು, ಆದರೆ ಜನ ಅಂದುಕೊಂಡ ಹಾಗಲ್ಲ. ನಾರ್ವೆಯ ಓಸ್ಲೋದಲ್ಲಿ 2021ರ ನವೆಂಬರ್ 26ರಂದು ಒಂದು ಕಂಪನಿಯ ಕ್ರಿಸ್‌ಮಸ್ ಪಾರ್ಟಿ. ಅದೇ ದಿನ ವಿಶ್ವ ಆರೋಗ್ಯ ಸಂಸ್ಥೆ ಕೊರೋನಾದ ಹೊಸ ತಳಿಗೆ ಒಮಿಕ್ರಾನ್ ಎಂದು ಹೆಸರಿಟ್ಟಿತು. ಹೋದವರು ನೂರಕ್ಕೂ ಹೆಚ್ಚು, ಬಹುತೇಕ ಎಲ್ಲರೂ ಎರಡು ಡೋಸ್ ತೆಗೆದುಕೊಂಡವರು. ಅವರಲ್ಲಿ ಹತ್ತಿರಹತ್ತಿರ ನಾಲ್ಕರಲ್ಲಿ ಮೂರು ಪಾಲು ಜನಕ್ಕೆ ಸೋಂಕು, ಅದೂ ಮೂರೇ ದಿನದಲ್ಲಿ ಲಕ್ಷಣ. ಆದರೆ ಯಾರೂ ಆಸ್ಪತ್ರೆ ಸೇರಲಿಲ್ಲ. ಲಸಿಕೆ ಪ್ರಾಣ ಕಾಯುವ ಕೆಲಸ ಚೆನ್ನಾಗಿ ಮಾಡಿತು. ಹರಡುವುದನ್ನು ತಡೆಯುವ ಕೆಲಸದಲ್ಲಿ ಅಷ್ಟು ಗಟ್ಟಿ ಇರಲಿಲ್ಲ. ಹೋದವರು ಹೆಚ್ಚಿನವರು ಕೆಲಸ ಮಾಡುವ ವಯಸ್ಸಿನವರು ಎಂಬುದೂ ಇದೆ. ಅದೇ ಕೋಣೆಯಲ್ಲಿ ಎಂಬತ್ತು ದಾಟಿದವರು ಇದ್ದಿದ್ದರೆ?

ಅಜ್ಜಿಮೊಮ್ಮಗ:
ಎಂಬತ್ತು ದಾಟಿದವರ ಮಾತು ಬಂತು, ಹಾಗಾಗಿ ಹೇಳುತ್ತೇನೆ. ನಮ್ಮಜ್ಜಿ ಆಗ ಒಂದೇ ಮಾತು ಅಂದರು. 'ನನಗೆ ಇನ್ನೆಷ್ಟು ಹಬ್ಬ ಉಳಿದಿದೆಯೋ ಮಗಾ. ನೀವು ನನ್ನನ್ನು ಕಾಪಾಡಿ ಕಾಪಾಡಿ ಒಬ್ಬಳನ್ನೇ ಇಡುತ್ತೀರಿ.' ಇದಕ್ಕೆ ನಿಮ್ಮ ಯಾವ ಲೆಕ್ಕದಲ್ಲಿ ಉತ್ತರ ಇದೆ? ಒಂಟಿತನಕ್ಕೂ ಆರೋಗ್ಯ ಕೆಡುತ್ತದೆ. ಮಾತಿಲ್ಲದೆ, ಓಡಾಟವಿಲ್ಲದೆ ಅವರು ಆ ವರ್ಷ ಕುಗ್ಗಿದಷ್ಟು ಹಿಂದಿನ ಹತ್ತು ವರ್ಷದಲ್ಲಿ ಕುಗ್ಗಿರಲಿಲ್ಲ. ವಯಸ್ಸಾದವರ ಪರವಾಗಿ ಎಲ್ಲರೂ ತೀರ್ಮಾನ ಮಾಡುತ್ತಾರೆ. ಅವರನ್ನು ಕೇಳುವವರು ಯಾರು?

ರಾತ್ರಿಪಾಳಿ:
ಕೇಳಲೇಬೇಕು. ಅಜ್ಜಿಗೆ ಬುದ್ಧಿ ನೆಟ್ಟಗಿದೆ, ಅಪಾಯ ಗೊತ್ತಿದೆ ಅಂದಮೇಲೆ ಅವರ ಮಾತಿಗೆ ಬೆಲೆ ಇದೆ. ಆದರೆ ಅವರನ್ನು ನೋಡಿಕೊಳ್ಳುವವರು ಯಾರು ಎಂದೂ ಕೇಳಿ. ಮಗಳಿಗೆ ಡಯಾಬಿಟಿಸ್ ಇರಬಹುದು. ಮನೆಗೆ ಬಂದು ಸ್ನಾನ ಮಾಡಿಸುವ ಹೆಂಗಸಿಗೆ ಅವರ ಮನೆಯಲ್ಲೂ ಒಬ್ಬ ಅಜ್ಜಿ ಇರಬಹುದು. ಅಜ್ಜಿ 'ಬಂದರೆ ಬರಲಿ' ಎಂದು ಅವರೆಲ್ಲರ ಪರವಾಗಿ ಹೇಳಲು ಆಗುವುದಿಲ್ಲ.

ನಡುದಾರಿ ಇದೆ. ಇಪ್ಪತ್ತು ಜನ ಒಂದೇ ದಿನ ಬರುವ ಬದಲು ಒಂದೊಂದು ವಾರ ಒಂದೊಂದು ಮನೆಯವರು ಬನ್ನಿ. ಬರುವುದಕ್ಕೆ ಮುಂಚಿನ ಐದಾರು ದಿನ ಗುಂಪಿಗೆ ಹೋಗಬೇಡಿ. ಅಜ್ಜಿಗೆ ಒಂದು ದಿನದ ಗದ್ದಲದ ಬದಲು ನಾಲ್ಕು ವಾರದ ಮಾತು ಸಿಗುತ್ತದೆ. ನಿಜ ಹೇಳಬೇಕೆಂದರೆ ಗದ್ದಲದ ದಿನ ವಯಸ್ಸಾದವರ ಜೊತೆ ಐದು ನಿಮಿಷ ಕೂರುವವರೂ ಕಡಿಮೆ.

ಅಜ್ಜಿಮೊಮ್ಮಗ:
ಕೊನೆಯ ಮಾತು ಚುಚ್ಚಿತು. ಸರಿಯಾಗಿಯೇ ಇದೆ.

ಕಿಟಕಿಪಕ್ಕ:
ಗಾಳಿಯ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ, ನಾನು ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಮೊದಮೊದಲು ಎಲ್ಲರೂ ಕೈ ತೊಳೆಯಿರಿ, ಮೇಜು ಒರೆಸಿ ಎಂದರು. ಹಬ್ಬದ ಮನೆಗಳಲ್ಲಿ ಬಾಗಿಲಲ್ಲೇ ಸ್ಯಾನಿಟೈಸರ್ ಬಾಟಲಿ, ಒಳಗೆ ಮುಚ್ಚಿದ ಕಿಟಕಿ. 2020ರ ಜುಲೈನಲ್ಲಿ 239 ವಿಜ್ಞಾನಿಗಳು ಸೇರಿ ಪತ್ರ ಬರೆದು, ಇದು ಗಾಳಿಯಲ್ಲೂ ಹರಡುತ್ತದೆ, ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ ಎಂದರು. ಕೋಣೆಯಲ್ಲಿ ಒಬ್ಬರು ಸಿಗರೇಟು ಸೇದುತ್ತಿದ್ದಾರೆ ಎಂದುಕೊಳ್ಳಿ. ಹತ್ತಿರ ಕೂತವರಿಗೆ ವಾಸನೆ ಜೋರು, ಆದರೆ ಬಾಗಿಲು ಹಾಕಿದ್ದರೆ ಅರ್ಧ ಗಂಟೆಯಲ್ಲಿ ಮೂಲೆಯವರಿಗೂ ಮುಟ್ಟುತ್ತದೆ. ಉಸಿರೂ ಹಾಗೇ ಹರಡುತ್ತದೆ.

ಎರಡು ಪ್ರಕರಣ ನೋಡಿ. 2020ರ ಜನವರಿ 24, ಚೀನಾದ ಗ್ವಾಂಗ್‌ಝೌ, ಅವರ ಹೊಸ ವರ್ಷದ ಹಿಂದಿನ ದಿನ. ಕಿಟಕಿ ಇಲ್ಲದ ಒಂದು ಹೋಟೆಲಿನಲ್ಲಿ ಅಕ್ಕಪಕ್ಕದ ಮೂರು ಮೇಜುಗಳಲ್ಲಿ ಮೂರು ಕುಟುಂಬ. ಒಬ್ಬರಿಗೂ ಇನ್ನೊಬ್ಬರ ಪರಿಚಯವಿಲ್ಲ. ಏಸಿ ಗಾಳಿ ಆ ಮೂರು ಮೇಜುಗಳ ನಡುವೆಯೇ ಸುತ್ತುತ್ತಿತ್ತು. ಒಟ್ಟು 10 ಜನಕ್ಕೆ ಸೋಂಕು. ಆ ಗಾಳಿಗೆ ಸಿಗದ ದೂರದ ಮೇಜುಗಳವರಿಗೆ ಬರಲಿಲ್ಲ. ಎರಡನೆಯದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕೌಂಟಿ, 2020ರ ಮಾರ್ಚ್ 10. ಒಂದು ಗಾಯನ ತಂಡದ ಎರಡೂವರೆ ಗಂಟೆಯ ಅಭ್ಯಾಸ. 61 ಜನರಲ್ಲಿ 53 ಜನಕ್ಕೆ ಸೋಂಕು, ಇಬ್ಬರು ತೀರಿಕೊಂಡರು. ಹಾಡುವಾಗ, ಜೋರಾಗಿ ಮಾತಾಡುವಾಗ ಬಾಯಿಂದ ಹೊರಬರುವ ಸಣ್ಣ ಕಣಗಳು ಸುಮ್ನೆ ಉಸಿರಾಡುವಾಗ ಬರುವುದಕ್ಕಿಂತ ತುಂಬಾ ಜಾಸ್ತಿ.

ಅದಕ್ಕೆ ಸಾಧ್ಯವಾದರೆ ಹೊರಗೆ ಸೇರಿ. ಅಂಗಳ, ತಾರಸಿ, ಮರದ ನೆರಳು, ಏನಿದ್ದರೂ ಸರಿ. ಆದರೆ ನಾಲ್ಕೂ ಕಡೆ ಬಟ್ಟೆ ಕಟ್ಟಿದ ಶಾಮಿಯಾನ ಹೊರಗಲ್ಲ, ಅದು ಬಟ್ಟೆಯ ಕೋಣೆ. ಒಳಗೇ ಆಗಬೇಕು ಎಂದರೆ ಎದುರುಬದುರು ಕಿಟಕಿ ತೆರೆಯಿರಿ, ಒಂದು ಕಿಟಕಿಗೆ ಫ್ಯಾನ್ ಹೊರಮುಖವಾಗಿ ಇಡಿ. ಸೀಲಿಂಗ್ ಫ್ಯಾನ್ ಇರುವ ಗಾಳಿಯನ್ನೇ ತಿರುಗಿಸುತ್ತದೆ, ಹೊಸ ಗಾಳಿ ತರುವುದಿಲ್ಲ. ಏಸಿಯೂ ಅಷ್ಟೇ, ಹೆಚ್ಚಿನವು ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ಬಿಡುತ್ತವೆ. ಗಾಳಿಯ ಸಣ್ಣ ಕಣಗಳನ್ನು ಹಿಡಿಯುವ ಹೆಪಾ ಫಿಲ್ಟರಿನ ಯಂತ್ರ ಇದ್ದರೆ ವಯಸ್ಸಾದವರು ಕೂರುವ ಕೋಣೆಯಲ್ಲಿಡಿ.

ನಂಬಿಕೆ ಬರಬೇಕಾದರೆ ನಾವು ಉಸಿರು ಬಿಟ್ಟಷ್ಟೂ ಒಳಗೆ ಏರುವ ಕಾರ್ಬನ್ ಡೈಆಕ್ಸೈಡ್ ಅಳೆಯುವ ಒಂದು ಮೀಟರ್ ಇಟ್ಟು ನೋಡಿ. ಹೊರಗಿನ ಗಾಳಿಯಲ್ಲಿ ಅದು ಸುಮಾರು 420 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 420 ಪಾಲು ಇರುತ್ತದೆ. ಒಳಗೆ 800ರ ಕೆಳಗಿದ್ದರೆ ಗಾಳಿ ಚೆನ್ನಾಗಿ ಆಡುತ್ತಿದೆ ಎಂದು. ಊಟದ ಹೊತ್ತಿಗೆ ಅದು ಮೇಲೆ ಮೇಲೆ ಹೋಗುವುದನ್ನು ಕಂಡರೆ, ಯಾರಿಗೂ ಹೇಳಬೇಕಾಗಿಲ್ಲ, ಅವರೇ ಎದ್ದು ಕಿಟಕಿ ತೆಗೆಯುತ್ತಾರೆ. ಮನೆಯಲ್ಲಿ ನನ್ನ ಮಾತಿಗಿಂತ ಆ ಡಬ್ಬಿಯ ಮಾತು ಹೆಚ್ಚು ನಡೆಯುತ್ತದೆ.

ಲ್ಯಾಬ್‌ಹುಡುಗಿ:
ಅಡುಗೆಮನೆ ಮರೆತಿರಿ. ಹಜಾರದಲ್ಲಿ ಅಂತರ ಬಿಟ್ಟು ಕುರ್ಚಿ, ಒಳಗೆ ಒಲೆಯ ಮುಂದೆ ಆರು ಹೆಂಗಸರು ಮೈಗೆ ಮೈ ತಾಗಿಸಿಕೊಂಡು. ಅಡುಗೆಯನ್ನು ಇಬ್ಬರು ಮಾಡಲಿ, ಉಳಿದವರು ಹೊರಗೆ ಕೂರಲಿ. ಬೇಕಾದರೆ ಗಂಡಸರಿಬ್ಬರು ಮಾಡಲಿ, ಯಾರು ಬೇಡ ಎಂದರು?

ಹಿರಿಸೊಸೆ:
ನಕ್ಕುಬಿಟ್ಟೆ. ಇದೊಂದು ನಿಯಮವಂತೂ ಮಹಾಮಾರಿ ಇಲ್ಲದಿದ್ದರೂ ಇರಲಿ.

ಎಲ್ಲ ಉಪಯೋಗದ ಮಾತು. ಆದರೆ ನನಗೆ ಅತಿ ಕಷ್ಟ ಅನ್ನಿಸುವುದು ಬೇರೆ. ಹಬ್ಬದ ಬೆಳಗ್ಗೆ ಗಂಟಲು ಕೆರೆಯುತ್ತದೆ. ಅಲ್ಲಿ ಎಲ್ಲ ತಯಾರಿ ಆಗಿದೆ. ಟಿಕೆಟ್ ತೆಗೆದಾಗಿದೆ. ಫೋನ್ ಮಾಡಿ ಬರುವುದಿಲ್ಲ ಅಂದರೆ 'ನೆಪ' ಅನ್ನುತ್ತಾರೆ. ಹಾಗಾಗಿ ಜನ ಒಂದು ಮಾತ್ರೆ ನುಂಗಿ ಬಂದುಬಿಡುತ್ತಾರೆ. ಷಿಕಾಗೋದವರ ಹಾಗೇ. ಇದಕ್ಕೇನು ಮಾಡುತ್ತೀರಿ?

ಹಳೇಫೈಲು:
ಸರ್ಕಾರಗಳೂ ಇಲ್ಲೇ ಎಡವಿದ್ದು. 2020ರ ಜುಲೈ 30ರ ರಾತ್ರಿ ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಬೇರೆ ಬೇರೆ ಮನೆಯವರು ಒಳಗೆ ಸೇರಬಾರದು ಎಂದು ಘೋಷಿಸಿದರು. ಬೆಳಗಾದರೆ ಬಕ್ರೀದ್. ಅದೇ ವರ್ಷ ನವೆಂಬರ್‌ನಲ್ಲಿ ಕ್ರಿಸ್‌ಮಸ್‌ಗೆ ಐದು ದಿನ ಮೂರು ಮನೆಯವರು ಸೇರಬಹುದು ಎಂದು ಮಾತು ಕೊಟ್ಟು, ಡಿಸೆಂಬರ್ 19ಕ್ಕೆ ಹಿಂದೆಗೆದುಕೊಂಡರು. ಲಂಡನ್ ಸುತ್ತಮುತ್ತ ಪೂರಾ ಇಲ್ಲ, ಉಳಿದ ಕಡೆ ಒಂದೇ ದಿನ. ಹೊಸ ತಳಿ ಬಂದಿತ್ತು, ಕಾರಣ ಸರಿಯೇ ಇತ್ತು. ಆದರೆ ಮನಸ್ಸು ಸಿದ್ಧವಾದ ಮೇಲೆ, ಸಾಮಾನು ತಂದ ಮೇಲೆ ಬೇಡ ಎಂದರೆ ಜನ ಕೇಳುವುದು ಕಷ್ಟ. ಮನೆಯಲ್ಲೂ ಹಾಗೇ. ಸೇರುತ್ತೇವೆ ಎಂದು ಹೇಳುವ ದಿನವೇ ಯಾವಾಗ ಸೇರುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು.

ಎರಡನೇಅಳಿಯ:
ನಮ್ಮ ಮಾವನವರು ಇದಕ್ಕೊಂದು ದಾರಿ ಮಾಡಿದ್ದರು. ಬರಲಾಗದವರು ಒಬ್ಬರಿಗೆ ಮಾತ್ರ ಫೋನ್ ಮಾಡಬೇಕು. ಅದು ಹಿರಿಯರಲ್ಲ, ಮನೆಯ ಕಿರಿಯ ಮಗಳು. 'ಬರಲ್ಲ' ಎಂದರೆ ಅವಳು 'ಸರಿ' ಎನ್ನಬೇಕು, ಯಾಕೆ ಎಂದು ಕೇಳಬಾರದು. ಗ್ರೂಪಿನಲ್ಲಿ ಅದರ ಚರ್ಚೆ ಇಲ್ಲ. ಟಿಕೆಟ್ ದುಡ್ಡು ಹಾಳಾದರೆ ಎಲ್ಲರೂ ಹಂಚಿಕೊಳ್ಳುವುದು. ಕೊನೆಯದು ಸಣ್ಣದು ಅನ್ನಿಸಬಹುದು, ಆದರೆ ಅದೇ ಹೆಚ್ಚು ಕೆಲಸ ಮಾಡಿತು. ಕೆಮ್ಮು ಇಟ್ಟುಕೊಂಡು ಬರುವವರು ಎಷ್ಟೋ ಸಲ ದುಡ್ಡು ಹೋಗುತ್ತದೆಂದೇ ಬರುವುದು, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ.

ಜೊತೆಗೆ ಹಬ್ಬವನ್ನು ಒಂದೇ ದಿನಕ್ಕೆ ಕಟ್ಟಿಹಾಕಲಿಲ್ಲ. ಬರಲಾಗದವರಿಗೆ ಎರಡು ವಾರ ಬಿಟ್ಟು ಇನ್ನೊಂದು ದಿನ ಮೊದಲೇ ಗೊತ್ತಾಗಿರುತ್ತಿತ್ತು. ಆ ದಿನ ಇದ್ದರೆ 'ಬರಲ್ಲ' ಅನ್ನುವುದು 'ಆಮೇಲೆ ಬರ್ತೀನಿ' ಆಗುತ್ತದೆ.

ಸುಮ್ನೆಕೂತವ:
ಇದು ನನಗೂ ಒಪ್ಪಿಗೆ. ಕಿಟಕಿ, ಮೀಟರ್ ಎಲ್ಲ ಅವರವರ ಇಷ್ಟ. ಕಾಯಿಲೆ ಇದ್ದವನು ಮನೆಯಲ್ಲಿರಲಿ ಎಂದರೆ ಯಾರು ಬೇಡ ಅಂತಾರೆ.

ಲೆಕ್ಕದಮೇಷ್ಟ್ರು:
ಕಾಯಿಲೆ ಇದೆ ಎಂದು ಗೊತ್ತಿಲ್ಲದವನೂ ಹರಡುತ್ತಾನೆ ಎಂದು ಮೇಲೆ ಲ್ಯಾಬ್‌ಹುಡುಗಿ ಬರೆದಿದ್ದಾಳೆ. ಅದಕ್ಕೇ ಕಿಟಕಿ. ಆದರೂ ನೀವು ಇಷ್ಟು ದೂರ ಬಂದಿರಿ, ಸಂತೋಷ.

ಹಿರಿಸೊಸೆ:
ಕಡೆಯದಾಗಿ ಒಂದು. ಸೇರಿ ಬಂದಾಯಿತು, ಆಮೇಲೆ ಯಾರಿಗೋ ಜ್ವರ ಬಂತು. ಆಗ?

ರಾತ್ರಿಪಾಳಿ:
ಅದೇ ದಿನ ಎಲ್ಲರಿಗೂ ಫೋನ್ ಮಾಡಿ. ಖಚಿತವಾಗಲಿ ಎಂದು ಕಾಯಬೇಡಿ. ಮುಚ್ಚಿಟ್ಟು ಮೂರು ದಿನ ಬಿಟ್ಟು ಹೇಳುವುದರಿಂದ ಆಗುವ ನಷ್ಟ ದೊಡ್ಡದು. ಮನೆಯಲ್ಲಿ ಒಬ್ಬರಿಗೆ ಬಂದರೆ ಜೊತೆಗಿದ್ದವರಲ್ಲಿ ಹರಡುವುದು ಮೊದಲ ವರ್ಷ ನೂರಕ್ಕೆ 17 ಜನದಷ್ಟಿತ್ತು, ಒಮಿಕ್ರಾನ್ ಬಂದಾಗ 43ರ ಹತ್ತಿರ ಹೋಯಿತು. ಅಂದರೆ ಬೇಗ ಗೊತ್ತಾದರೆ ಉಳಿಸಿಕೊಳ್ಳಬಹುದಾದವರು ಇನ್ನೂ ಅರ್ಧಕ್ಕಿಂತ ಹೆಚ್ಚು ಜನ ಇರುತ್ತಾರೆ. ಜ್ವರ ಬಂದವರು ಬೇರೆ ಕೋಣೆಗೆ. ಉಳಿದವರು ಒಂದು ವಾರ ಹಿರಿಯರ ಹತ್ತಿರ ಹೋಗುವಾಗ ಎನ್95 ಹಾಕಿಕೊಳ್ಳಿ.

ಫೋನನ್ನು ಮೊದಲು ವಯಸ್ಸಾದವರಿರುವ ಮನೆಗೆ ಮಾಡಿ. ಕೆಲವು ಔಷಧಿಗಳಿಗೆ ಗಡುವು ಇರುತ್ತದೆ. ಕೋವಿಡ್‌ನ ಪ್ಯಾಕ್ಸ್‌ಲೋವಿಡ್ ಲಕ್ಷಣ ಶುರುವಾದ 5 ದಿನದೊಳಗೆ ಕೊಡಬೇಕು, ಫ್ಲೂಗೆ ಕೊಡುವ ಒಸೆಲ್ಟಮಿವಿರ್ 48 ಗಂಟೆಯೊಳಗಾದರೆ ಒಳ್ಳೆಯದು. ನಿಮ್ಮ ಫೋನ್ ತಡವಾದಷ್ಟೂ ಅವರ ಡಾಕ್ಟರ ಕೈಗೆ ಉಳಿಯುವ ದಿನ ಕಡಿಮೆ.